ಗಂಟೆಯ ದನಿ, ಫಿರಂಗಿಯ ಸದ್ದು

ಡಿಸೆಂಬರ್ 3ರಂದು ಕುಮಟಾ-ಹೊನ್ನಾವರ ಸೀಮೆಯ ಚಂದಾವರಕ್ಕೆ ಹೋದರೆ ಅಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಫೆಸ್ತ್ ನಡೆಯುತ್ತಿರುತ್ತದೆ. ಇಗರ್ಜಿಯ ಎದುರು ಮೇಣದ ಬತ್ತಿ ಹಿಡಿದು ನಿಂತವರಲ್ಲಿ ಕ್ರೈಸ್ತರಷ್ಟೇ ಇರುವುದಿಲ್ಲ. ಹರಕೆ ಹೊತ್ತ ಬೇರೆ ಬೇರೆ ಸಮುದಾಯದವರೂ ಇರುತ್ತಾರೆ. ಮಗುವಿನ ಕಾಯಿಲೆ, ಮಗಳ ಮದುವೆ, ಕಡಲಿಗಿಳಿದ ಗಂಡ, ಕೊಲ್ಲಿ ದೇಶಕ್ಕೆ ಹೋದ ಮಗ - ಬೇಡಿಕೆಗಳು ಎಲ್ಲರವೂ ಒಂದೇ. ನಿನ್ನ ಮತ ಯಾವುದೆಂದು ಆ ಸಾಲಿನಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಮರುದಿನ ಎಲ್ಲರೂ ತಮ್ಮ ತಮ್ಮ ಗುಡಿ, ಮಸೀದಿ, ಇಗರ್ಜಿಗಳಿಗೆ ಮರಳುತ್ತಾರೆ.

ಈ ನೋಟ ನಮ್ಮಲ್ಲಿ ಒಂದು ಪ್ರಶ್ನೆಯನ್ನು ಎಬ್ಬಿಸಿದೆ. ಝೇವಿಯರ್ ಮಿಶನರಿ. ಜನರನ್ನು ತಮ್ಮ ಧರ್ಮಕ್ಕೆ ಸೇರಿಸುವುದೇ ಅವರು ಕೈಗೊಂಡ ಕೆಲಸ. ಅವರ ಹೆಸರು ಹೇಳಿ ಇಂದು ಆ ಧರ್ಮಕ್ಕೆ ಸೇರದ ಜನ ಬೇಡಿಕೊಳ್ಳುತ್ತಿದ್ದಾರೆ. ಬೇಡಿಕೊಂಡೂ ತಮ್ಮ ಧರ್ಮದಲ್ಲೇ ಉಳಿದಿದ್ದಾರೆ. ಹಾಗಾದರೆ ಮಿಶನರಿಯ ಕೆಲಸದಲ್ಲಿ ಪ್ರಾರ್ಥನೆಯ ಪಾಲು ಏನು? ಅದು ಬಲೆಯೇ, ಬಲೆ ಬೀಸುವವನ ನೆಪವೇ, ಅಥವಾ ಇವೆರಡೂ ಅಲ್ಲದ ಇನ್ನೇನಾದರೂ ಆಗಿದೆಯೇ?

ಕನ್ನಡದಲ್ಲಿ ಮಿಶನರಿಗಳ ಕುರಿತ ಬರಹಕ್ಕೆ ಕೊರತೆಯಿಲ್ಲ. ಆದರೆ ಅವು ಬಹುಮಟ್ಟಿಗೆ ಎರಡೇ ಬಗೆಯವು. ಒಂದು ಬಗೆಯವು ಕಿಟೆಲ್ಲರ ನಿಘಂಟು, 'ಮಂಗಳೂರು ಸಮಾಚಾರ', ಹಂಚಿನ ಕಾರ್ಖಾನೆ, ಶಾಲೆ, ಆಸ್ಪತ್ರೆಗಳ ಪಟ್ಟಿ ಕೊಟ್ಟು ಕೈಮುಗಿಯುತ್ತವೆ. ಇನ್ನೊಂದು ಬಗೆಯವು ಈ ಪಟ್ಟಿಯನ್ನೇ ಆಮಿಷಗಳ ಪಟ್ಟಿಯೆಂದು ಓದುತ್ತವೆ. ವಿರುದ್ಧ ದಿಕ್ಕಿನಲ್ಲಿ ನಿಂತ ಈ ಎರಡೂ ಓದುಗಳಿಗೆ ಒಂದು ಸಾಮ್ಯವಿದೆ. ಪ್ರಾರ್ಥನೆ ಎರಡಕ್ಕೂ ಬೇಡ. ಮೊದಲನೆಯದಕ್ಕೆ ಅದು ನಿಘಂಟಿನ ಹಿಂದಿದ್ದ ಒಂದು ಖಾಸಗಿ ಅಭ್ಯಾಸ. ಎರಡನೆಯದಕ್ಕೆ ಅದು ನಾಟಕ. ಮಿಶನರಿಯನ್ನೇ ಕೇಳಿದ್ದರೆ ಆತ ಬೇರೆ ಉತ್ತರ ಕೊಡುತ್ತಿದ್ದ. ಆತನ ಪಾಲಿಗೆ ಮೊದಲ ಕೆಲಸವೇ ಪ್ರಾರ್ಥನೆ. ಉಳಿದದ್ದೆಲ್ಲ ಅದರ ಹಿಂದೆ ಬಂದದ್ದು. ದಿನಕ್ಕೆ ಐದು ಬಾರಿ ಕೆಲಸ ನಿಲ್ಲಿಸಿ ನಿಲ್ಲುವ ಸಮುದಾಯದವರಾದ ನಮಗೆ ಈ ಮಾತು ಅರ್ಥವಾಗಬೇಕು. ಹಾಗಾಗಿಯೇ ಇದನ್ನು ವಿಮರ್ಶಿಸುವ ಹೊಣೆಯೂ ನಮಗಿದೆ ಎಂದುಕೊಂಡಿದ್ದೇವೆ.

ಒಂದೇ ಹಡಗು

1541ರ ಏಪ್ರಿಲ್‌ನಲ್ಲಿ ಲಿಸ್ಬನ್ ಬಿಟ್ಟ ಝೇವಿಯರ್ ಗೋವಾ ಮುಟ್ಟಿದ್ದು 1542ರ ಮೇ 6ರಂದು. ಅವರ ಜೊತೆ ಬಂದವನು ಪೋರ್ಚುಗೀಸರ ಹೊಸ ಗವರ್ನರ್ ಮಾರ್ಟಿಮ್ ಅಫೊನ್ಸೊ ಡಿ ಸೋಜ. ಗೋವಾದಲ್ಲಿ ಇಳಿದ ಝೇವಿಯರ್ ಕೈಯಲ್ಲೊಂದು ಗಂಟೆ ಹಿಡಿದು ಬೀದಿ ಬೀದಿ ಸುತ್ತಿ ಮಕ್ಕಳನ್ನು ಕರೆದರು. ಕೂಡಿದ ಮಕ್ಕಳಿಗೆ ಪ್ರಾರ್ಥನೆಗಳನ್ನು ಬಾಯಿಪಾಠ ಮಾಡಿಸಿದರು. ಅದೇ ವರ್ಷ ಗವರ್ನರ್ ಮಾಡಿದ ಕೆಲಸ ಬೇರೆ. ಕಪ್ಪದ ಜಗಳ ತೆಗೆದು ಭಟ್ಕಳದ ಮೇಲೆ ದಂಡೆತ್ತಿ ಬಂದ. ರಾಣಿ ಆಳುತ್ತಿದ್ದ, ಅಕ್ಕಿ, ಸಕ್ಕರೆ, ಕುದುರೆಗಳ ವ್ಯಾಪಾರಕ್ಕೆ ಹೆಸರಾದ ಬಂದರು ಅದು. ಅದನ್ನು ಸುಟ್ಟು ಸೂರೆ ಮಾಡಲಾಯಿತು. ಭಟ್ಕಳ ಮತ್ತೆ ಮೊದಲಿನ ವೈಭವಕ್ಕೆ ಏಳಲಿಲ್ಲ.

ಗಂಟೆಯೂ ಫಿರಂಗಿಯೂ ಒಟ್ಟಿಗೆ ಬಂದವು. ನಮ್ಮ ಭಾಷೆ ಇದನ್ನು ಮರೆತಿಲ್ಲ. ಬಿಳಿಯ ವಿದೇಶೀಯನನ್ನು ಕರೆಯುತ್ತಿದ್ದ 'ಫಿರಂಗಿ' ಎಂಬ ಹೆಸರೇ ಕನ್ನಡದಲ್ಲಿ ತೋಪಿನ ಹೆಸರೂ ಆಯಿತು. ಜನ ಇಬ್ಬರನ್ನೂ ಬೇರೆ ಮಾಡಿ ನೋಡಲಿಲ್ಲ.

ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಭಟ್ಕಳದ ದಾಳಿಯಲ್ಲಿ ಝೇವಿಯರ್ ಇರಲಿಲ್ಲ. ಅವರು ತೆಂಕಣ ಕಡಲಂಚಿನ ಮುತ್ತು ತೆಗೆಯುವ ಪರವರ ನಡುವೆ ಹೋದರು. ಭಾಷೆ ಬಾರದೆ, ಬಲ್ಲವರ ನೆರವಿನಿಂದ ಪ್ರಾರ್ಥನೆಗಳನ್ನು ತಮಿಳಿಗೆ ತಂದು, ತಾವೂ ಬಾಯಿಪಾಠ ಮಾಡಿ, ಜನರಿಗೂ ಮಾಡಿಸಿದರು. ಪೋರ್ಚುಗೀಸ್ ಅಧಿಕಾರಿಗಳ ಲೂಟಿಕೋರತನವನ್ನು ಕಂಡು ಸಿಟ್ಟಾಗಿ ಪತ್ರಗಳಲ್ಲಿ ಬರೆದರು. ಆದರೆ ಅದೇ ಕೈ 1546ರಲ್ಲಿ ಪೋರ್ಚುಗಲ್ಲಿನ ದೊರೆಗೆ ಇನ್ನೊಂದು ಪತ್ರ ಬರೆಯಿತು. ಗೋವಾಕ್ಕೆ ಇಂಕ್ವಿಜಿಶನ್ ಎಂಬ ಧರ್ಮವಿಚಾರಣೆಯ ನ್ಯಾಯಪೀಠ ಬೇಕೆಂದು ಅದರಲ್ಲಿ ಕೋರಲಾಗಿತ್ತು. ಅವರು ತೀರಿಕೊಂಡ ಎಂಟು ವರ್ಷಗಳ ಮೇಲೆ, 1560ರಲ್ಲಿ ಅದು ಬಂತು. 1812ರಲ್ಲಿ ಮುಚ್ಚುವ ತನಕ ಅದು ಕಾಡಿದ್ದು ಹೆಚ್ಚಾಗಿ ಹೊಸದಾಗಿ ಕ್ರೈಸ್ತರಾದವರನ್ನೇ. ಮನೆಯಲ್ಲಿ ಹಳೆಯ ದೇವರನ್ನು ನೆನೆದರೇ, ಹಳೆಯ ಪದ್ಧತಿಯಂತೆ ಅಡುಗೆ ಮಾಡಿದರೇ ಎಂದು ಅದು ಇಣುಕಿ ನೋಡಿತು.

ಗಂಟೆ ಬಾರಿಸಿ ಮಕ್ಕಳನ್ನು ಕರೆದವರಿಗೆ ಗಂಟೆಯೊಂದೇ ಸಾಲದೆಂದು ಅನಿಸಿದ್ದೇಕೆ? ಪ್ರಾರ್ಥನೆಯ ಮೇಲೆ ಪೂರ್ಣ ನಂಬಿಕೆಯಿದ್ದವನಿಗೆ ಕಾವಲುಗಾರ ಏಕೆ ಬೇಕು? ಮಿಶನರಿ ಚರಿತ್ರೆಯನ್ನು ಓದುವಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ ಇದು. ಕ್ರೈಸ್ತರಿಗೆ ಮಾತ್ರ ಕೇಳಬೇಕಾದ ಪ್ರಶ್ನೆಯಂತೂ ಅಲ್ಲ.

ಯಾವ ಭಾಷೆಯಲ್ಲಿ ಬೇಡುವುದು?

ಪ್ರಾರ್ಥನೆಗೆ ಅಧಿಕಾರದಿಂದ ಬಿಡಿಸಿಕೊಳ್ಳುವ ಇನ್ನೊಂದು ಗುಣವೂ ಇದೆ. ಅದು ಜನರ ಬಾಯಿಗೆ ಬರಬೇಕು. ಬಾಯಿಗೆ ಬರಬೇಕಾದರೆ ಜನರ ಭಾಷೆಗೆ ಇಳಿಯಬೇಕು. 1579ರಲ್ಲಿ ಗೋವಾಕ್ಕೆ ಬಂದ ಇಂಗ್ಲಿಷ್ ಜೆಸ್ವಿಟ್ ಥಾಮಸ್ ಸ್ಟೀಫನ್ಸ್ ಕ್ರಿಸ್ತನ ಕತೆಯನ್ನು ನಮ್ಮ ನಾಡಿನ ಪುರಾಣದ ಅಚ್ಚಿನಲ್ಲಿ, ಓವಿಯ ಧಾಟಿಯಲ್ಲಿ ಹೇಳಿದರು. ಆ 'ಕ್ರಿಸ್ತ ಪುರಾಣ' 1616ರಲ್ಲಿ ಅಚ್ಚಾಯಿತು. ಅವರು ಕೊಂಕಣಿಯಲ್ಲಿ ಬರೆದ ಧರ್ಮಬೋಧೆಯ ಪುಸ್ತಕ ಅವರು ತೀರಿದ ಬಳಿಕ 1622ರಲ್ಲಿ ಬಂತು. ಕೊಂಕಣಿಯ ಮೊದಲ ಮುದ್ರಿತ ಪುಸ್ತಕಗಳಲ್ಲಿ ಒಂದಾದ ಅದರಲ್ಲಿ ದಿನನಿತ್ಯದ ಪ್ರಾರ್ಥನೆಗಳಿವೆ. ಒಂದು ಭಾಷೆ ಅಚ್ಚಿನ ಮೊಳೆಗೆ ಹತ್ತಿದ್ದು ಪ್ರಾರ್ಥನೆಯ ನೆಪದಿಂದ.

1684ರಲ್ಲಿ ಗೋವಾದ ವೈಸರಾಯ್ ಇದಕ್ಕೆ ತದ್ವಿರುದ್ಧವಾದ ಆಜ್ಞೆ ಹೊರಡಿಸಿದ. ಊರಜನ ಮೂರು ವರ್ಷಗಳೊಳಗೆ ತಮ್ಮ ಮಾತನ್ನು ಬಿಟ್ಟು ಪೋರ್ಚುಗೀಸನ್ನೇ ಆಡಬೇಕು ಎಂಬುದು ಅದರ ತಾತ್ಪರ್ಯ. ಪಾದ್ರಿಗೆ ಬೇಕಾಗಿದ್ದ ಭಾಷೆ ಪ್ರಭುತ್ವಕ್ಕೆ ಬೇಡವಾಯಿತು. ಆಜ್ಞೆ ಕಾಗದದಲ್ಲಿ ಉಳಿಯಿತು, ಕೊಂಕಣಿ ಮನೆಯಲ್ಲಿ ಉಳಿಯಿತು. ಸಂಜೆ ಮನೆಮಂದಿಯೆಲ್ಲ ಕೂತು ಹೇಳುವ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಆ ಭಾಷೆಯನ್ನು ಕಾಯಿತು. ವಿಚಾರಣೆ, ತೆರಿಗೆ, ಕ್ಷಾಮ, ಯುದ್ಧಗಳಿಂದ ಬೇಸತ್ತು ಗೋವಾ ಬಿಟ್ಟು ಕೆನರಾಕ್ಕೆ ಇಳಿದ ಹಿಂದೂಗಳೂ ಕ್ರೈಸ್ತರೂ ಹೊತ್ತು ತಂದದ್ದು ಅದೇ ಮಾತನ್ನು. ಕೊಂಕಣಿ ಕ್ರೈಸ್ತರು ಪ್ರಾರ್ಥನೆಯನ್ನು 'ಮಾಗ್ಣೆಂ' ಎನ್ನುತ್ತಾರೆ. ಬೇಡುವುದು ಎಂದು ಅದರ ಅರ್ಥ. ನಮ್ಮ 'ದುಆ' ಎಂದರೆ ಕರೆಯುವುದು. ಭಟ್ಕಳದ ನವಾಯತರು ಮನೆಯಲ್ಲಿ ಆಡುವ ನವಾಯತಿ ಕೊಂಕಣಿಗೆ ತೀರ ಹತ್ತಿರದ ನುಡಿ. ಹೊನ್ನಾವರದ ಕ್ರೈಸ್ತ ಅಜ್ಜಿಯೂ ಭಟ್ಕಳದ ನವಾಯತ ಅಜ್ಜಿಯೂ ಒಂದೇ ಬೇರಿನ ಮಾತಿನಲ್ಲಿ ಮೊಮ್ಮಕ್ಕಳನ್ನು ಹರಸುತ್ತಾರೆ. ಈ ನೆಂಟಸ್ತನವನ್ನು ಇಬ್ಬರ ಚರಿತ್ರೆಕಾರರೂ ಸಾಕಷ್ಟು ಬರೆದಿಲ್ಲ.

ಕೊರಳಲ್ಲಿ ಜಪಮಾಲೆ

ಕೆಳದಿಯ ಚೆನ್ನಮ್ಮ ಆಳುತ್ತಿದ್ದ ಕಾಲದಲ್ಲಿ, 1678ರಲ್ಲಿ, ಕೆಳದಿ ಸಂಸ್ಥಾನಕ್ಕೂ ಪೋರ್ಚುಗೀಸರಿಗೂ ಒಂದು ಒಪ್ಪಂದವಾಯಿತು. ಮಿರ್ಜಾನ್, ಚಂದಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಿಕೊಳ್ಳಲು ಅದರಲ್ಲಿ ಅವಕಾಶವಿತ್ತು. ವೀರಶೈವ ಅರಸೊತ್ತಿಗೆ ಕ್ರೈಸ್ತರ ಪೂಜೆಗೆ ಜಾಗ ಕೊಟ್ಟಿತು. ಆದರೆ ಜಾಗ ಸಿಕ್ಕ ಮೇಲೆ ಜಗಳ ಆರಂಭವಾದದ್ದು ಕ್ರೈಸ್ತರೊಳಗೆ. ಕೆನರಾದ ಇಗರ್ಜಿಗಳು ಯಾರಿಗೆ ಸೇರಬೇಕು? ಪೋರ್ಚುಗಲ್ಲಿನ ದೊರೆಯ ಹಕ್ಕನ್ನು ಒಪ್ಪಿದ ಗೋವಾದ ಆರ್ಚ್‌ಬಿಷಪ್ಪರಿಗೋ, ರೋಮ್ ನೇರವಾಗಿ ನೇಮಿಸಿದ ಬಿಷಪ್ ಥಾಮಸ್ ಡಿ ಕ್ಯಾಸ್ಟ್ರೋ ಅವರಿಗೋ? ಒಬ್ಬರ ಪಾದ್ರಿ ನೀಡಿದ ಸಂಸ್ಕಾರ ಇನ್ನೊಬ್ಬರಿಗೆ ಸಲ್ಲದು. ಜನರ ಪಾಡೇನು?

ಈ ಜಗಳದ ನಡುವೆ 1681ರಲ್ಲಿ ಗೋವಾದಿಂದ ಬಂದವರು ಜೋಸೆಫ್ ವಾಝ್. ಯುರೋಪಿನವರಲ್ಲ, ಕೊಂಕಣಿ ಮನೆಮಾತಿನ, ಇದೇ ನೆಲದ ಪಾದ್ರಿ. 1684ರವರೆಗೆ ಕೆನರಾದಲ್ಲಿ ಊರೂರು ನಡೆದು ಪ್ರಾರ್ಥನೆ ನಡೆಸಿದರು, ಎರಡು ಬಣಗಳ ನಡುವೆ ಸಂಧಿಗೆ ಯತ್ನಿಸಿದರು. ಬಳಿಕ ಅವರ ಮನಸ್ಸು ಲಂಕೆಯತ್ತ ಹರಿಯಿತು. ಅಲ್ಲಿ ಡಚ್ಚರು ಕ್ಯಾಥೊಲಿಕ್ ಪಾದ್ರಿಗಳನ್ನು ನಿಷೇಧಿಸಿದ್ದರು. ಕ್ರೈಸ್ತರ ಪ್ರಾರ್ಥನೆಯನ್ನು ಕ್ರೈಸ್ತರೇ ನಿಲ್ಲಿಸಿದ್ದರು. ವಾಝ್ 1687ರಲ್ಲಿ ಕೂಲಿಯಾಳಿನ ವೇಷದಲ್ಲಿ ಜಾಫ್ನಾ ಸೇರಿದರು. ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆ ಮನೆಗೆ ಭಿಕ್ಷೆಗೆ ಹೋದರು. ಆ ಮಾಲೆಯನ್ನು ನೋಡಿ ಯಾರ ಕಣ್ಣು ಅರಳುತ್ತದೋ ಅದು ಕ್ರೈಸ್ತರ ಮನೆ ಎಂದು ತಿಳಿಯುವುದು ಅವರ ಉಪಾಯ.

ಹಡಗಿಲ್ಲ, ಗವರ್ನರ್ ಇಲ್ಲ, ಸಂಬಳವಿಲ್ಲ. ಒಂದು ಮಾಲೆ ಮಾತ್ರ. ಕ್ಯಾಂಡಿಯಲ್ಲಿ ಅವರನ್ನು ಪೋರ್ಚುಗೀಸರ ಗೂಢಚಾರನೆಂದು ಸೆರೆಯಲ್ಲಿಟ್ಟರು. 1696ರ ಬರಗಾಲದಲ್ಲಿ ಅವರು ಪ್ರಾರ್ಥಿಸಿದಾಗ ಮಳೆ ಬಂತೆಂದೂ ಬೌದ್ಧ ದೊರೆ ಅವರಿಗೆ ತಿರುಗಾಡುವ ಸ್ವಾತಂತ್ರ್ಯ ಕೊಟ್ಟನೆಂದೂ ಅವರ ಚರಿತ್ರೆ ಹೇಳುತ್ತದೆ. ಮಳೆಯ ಮಾತನ್ನು ನಂಬುವವರು ನಂಬಲಿ. ಮಳೆಗಾಗಿ ಬಯಲಿಗೆ ಹೋಗಿ ನಮಾಝ್ ಮಾಡುವ ನಮಗೆ ಅದನ್ನು ಗೇಲಿ ಮಾಡುವ ಹಕ್ಕಿಲ್ಲ. ನಮ್ಮ ಗಮನ ಸೆಳೆಯುವುದು ಮರುವರ್ಷದ ಸಂಗತಿ. ಸಿಡುಬು ಹರಡಿ ರೋಗಿಗಳನ್ನು ಮನೆಯವರೇ ತೊರೆದಾಗ ವಾಝ್ ಅವರನ್ನು ಮತ ಕೇಳದೆ ಆರೈಕೆ ಮಾಡಿದರು. ಪ್ರಾರ್ಥನೆಗೆ ಸಾಕ್ಷಿ ಸಿಗುವುದು ಆಕಾಶದಲ್ಲಲ್ಲ, ಇಂಥ ಕಡೆ. 1711ರಲ್ಲಿ ಕ್ಯಾಂಡಿಯಲ್ಲೇ ತೀರಿಕೊಂಡ ಅವರನ್ನು 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಸಂತರೆಂದು ಸಾರಿದರು. ಕನ್ನಡದ ಕರಾವಳಿಯಲ್ಲಿ ಮೂರು ವರ್ಷ ನಡೆದಾಡಿದ ಈ ಮನುಷ್ಯನ ಬಗ್ಗೆ ಕ್ರೈಸ್ತೇತರ ಕನ್ನಡಿಗರಿಗೆ ಗೊತ್ತಿರುವುದು ಬಹಳ ಕಡಿಮೆ. ಅವರು ನಿಘಂಟು ಬರೆಯಲಿಲ್ಲ, ಹಂಚು ಸುಡಲಿಲ್ಲ. ಬರಿಯ ಪ್ರಾರ್ಥನೆಯನ್ನು ಅಳೆಯಲು ನಮ್ಮ ಚರಿತ್ರೆಯ ಬಳಿ ಮಾನದಂಡವಿಲ್ಲ.

ನಮ್ಮ ಕಡೆಯ ಲೆಕ್ಕ

ಇಷ್ಟು ಹೇಳಿ ನಿಲ್ಲಿಸಿದರೆ ಪರರ ದೋಷವನ್ನಷ್ಟೇ ಎಣಿಸಿದಂತಾಗುತ್ತದೆ. 1783ರಲ್ಲಿ ಇಂಗ್ಲಿಷರ ಮುಂಬಯಿ ಸೈನ್ಯ ಈ ಕರಾವಳಿಯಲ್ಲಿಳಿದು ಹೊನ್ನಾವರದ ಕೋಟೆಯನ್ನು ಹಿಡಿಯಿತು. ಆ ಯುದ್ಧದಲ್ಲಿ ಕೆನರಾದ ಕ್ಯಾಥೊಲಿಕರು ಶತ್ರುವಿಗೆ ನೆರವಾದರೆಂದು ಟಿಪ್ಪು ಸುಲ್ತಾನ್ ಸಂಶಯಪಟ್ಟ. 1784ರಲ್ಲಿ ಸಾವಿರಾರು ಮಂದಿಯನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಪಾದ್ರಿಗಳನ್ನು ಗೋವಾಕ್ಕೆ ಅಟ್ಟಿದರು, ಇಗರ್ಜಿಗಳನ್ನು ಕೆಡವಿದರು. ದಾರಿಯಲ್ಲೂ ಸೆರೆಯಲ್ಲೂ ಬಹಳ ಜನ ಸತ್ತರು. ಹಲವರನ್ನು ಬಲವಂತದಿಂದ ಮುಸ್ಲಿಮರನ್ನಾಗಿ ಮಾಡಲಾಯಿತು. ಸಂಖ್ಯೆಯ ಬಗ್ಗೆ ಚರಿತ್ರೆಕಾರರಲ್ಲಿ ವಾದಗಳಿವೆ. ಘಟನೆಯ ಬಗ್ಗೆ ಇಲ್ಲ.

ಟಿಪ್ಪುವಿನ ಮೇಲೆ ಸುಳ್ಳಿನ ಸುರಿಮಳೆ ಆಗುತ್ತಿರುವ ಕಾಲದಲ್ಲಿ ಇದನ್ನು ಬರೆಯುವುದು ಸುಲಭವಲ್ಲ. ಶೃಂಗೇರಿ ಮಠಕ್ಕೆ ಆತ ನೆರವಾದದ್ದು, ಇಂಗ್ಲಿಷರ ವಿರುದ್ಧ ಹೋರಾಡಿ ಸತ್ತದ್ದು ನಿಜ. ಆತನ ತಂದೆ ಹೈದರಾಲಿಯ ಆಳ್ವಿಕೆಯಲ್ಲಿ ಇದೇ ಕ್ರೈಸ್ತರು ಬಹುಮಟ್ಟಿಗೆ ನೆಮ್ಮದಿಯಾಗಿದ್ದದ್ದೂ ನಿಜ. ಆದರೆ ರಾಜಕೀಯ ಕಾರಣವಿದ್ದ ಮಾತ್ರಕ್ಕೆ ಬಲವಂತದ ಕಲಿಮಾ ಸರಿಯಾಗುವುದಿಲ್ಲ. ಧರ್ಮದಲ್ಲಿ ಬಲಾತ್ಕಾರವಿಲ್ಲ ಎಂಬ ಕುರ್‌ಆನಿನ ಬೋಧನೆಯನ್ನು ಸಭೆಗಳಲ್ಲಿ ನಾವು ಸಾರಿ ಹೇಳುತ್ತೇವೆ. ಅದು ಅನ್ವಯವಾಗಬೇಕಾದ ಕಡೆ ಅನ್ವಯಿಸದಿದ್ದರೆ ಹೇಳುವುದನ್ನು ಬಿಡುವುದು ಮೇಲು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದವರು ಕರಾವಳಿಗೆ ಮರಳಿದರು. ಇಗರ್ಜಿಗಳು ಮತ್ತೆ ಎದ್ದವು. ಹದಿನೈದು ವರ್ಷ ಪಾದ್ರಿಯಿಲ್ಲ, ಪೂಜೆಯಿಲ್ಲ. ಆದರೂ ಬಾಯಿಪಾಠವಾಗಿದ್ದ ಪ್ರಾರ್ಥನೆಗಳನ್ನು ಯಾರೂ ಕಿತ್ತುಕೊಳ್ಳಲಾಗಲಿಲ್ಲ. ಗವರ್ನರನ ಫಿರಂಗಿಗೆ ನೆಡಲಾಗದ್ದನ್ನು ಸುಲ್ತಾನನ ಕತ್ತಿಗೆ ಕೀಳಲಾಗಲಿಲ್ಲ.

ಮರಳದೆ ಉಳಿದವರನ್ನೂ ನಂಬಿಕೆ ಬಿಟ್ಟವರನ್ನೂ ಮತ್ತೆ ಒಗ್ಗೂಡಿಸಲು ಆಗ ಶ್ರೀರಂಗಪಟ್ಟಣಕ್ಕೆ ಬಂದವರು ಫ್ರೆಂಚ್ ಪಾದ್ರಿ ಅಬೆ ದ್ಯುಬುವಾ. ಮೂರು ದಶಕ ಇಲ್ಲಿ ದುಡಿದು 1823ರಲ್ಲಿ ಊರಿಗೆ ಮರಳುವಾಗ ಅವರು ತಮ್ಮ ಸೋಲನ್ನು ಬರೆದಿಟ್ಟರು. ಹಿಂದೂಗಳನ್ನು ನಿಜವಾಗಿ ಕ್ರೈಸ್ತರನ್ನಾಗಿ ಮಾಡುವುದು ಆಗದ ಮಾತೆಂದರು. ಸೋಲನ್ನು ಬರೆಯುವ ಈ ಧೈರ್ಯ ಧರ್ಮಪ್ರಚಾರಕರಲ್ಲಿ ಅಪರೂಪ, ನಮ್ಮವರಲ್ಲೂ.

ಹೆಬಿಕ್ ಮತ್ತು ಕಿಟೆಲ್

ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರ ಮೂಲ ಜರ್ಮನಿ, ಸ್ವಿಟ್ಜರ್ಲೆಂಡುಗಳ ಪಯಟಿಸ್ಟ್ ಪಂಥ. ದೊಡ್ಡ ಇಗರ್ಜಿಯ ವಿಧಿಗಳಿಗಿಂತ ಮನೆಯ ಪ್ರಾರ್ಥನೆ, ಪಶ್ಚಾತ್ತಾಪ, ದುಡಿಮೆಗಳೇ ಅವರಿಗೆ ಮುಖ್ಯ. ಮೊದಲ ತಂಡದಲ್ಲಿದ್ದ ಸ್ಯಾಮ್ಯುವೆಲ್ ಹೆಬಿಕ್ ಮುಂದೆ ಕಣ್ಣೂರಿನಲ್ಲಿ ನೆಲೆಸಿ ಪ್ರಾರ್ಥನಾ ಕೂಟಗಳಿಗೆ ಹೆಸರಾದರು. ತಳಿಪರಂಬ, ಪಯ್ಯಾವೂರುಗಳ ದೇವಸ್ಥಾನದ ಜಾತ್ರೆಗಳಿಗೇ ಹೋಗಿ ದುಭಾಷಿಯ ಮೂಲಕ ಬೋಧಿಸಿ ಜನರ ಸಿಟ್ಟಿಗೂ ಕಲ್ಲಿಗೂ ಗುರಿಯಾದರು. ಅವರಿಗೆ ಜನರ ಭಾಷೆ ಒಗ್ಗಲೇ ಇಲ್ಲ. 1853ರಲ್ಲಿ ಬಂದ ಫರ್ಡಿನಂಡ್ ಕಿಟೆಲ್ ಹಿಡಿದ ದಾರಿ ಬೇರೆ. ಕನ್ನಡ ಕಾವ್ಯಗಳನ್ನು ಓದಿದರು. ಕ್ರಿಸ್ತನ ಕತೆಯನ್ನು ಕನ್ನಡ ಛಂದಸ್ಸಿನಲ್ಲಿ ಹೇಳಿ 1862ರಲ್ಲಿ 'ಕಥಾಮಾಲೆ' ಪ್ರಕಟಿಸಿದರು. 1894ರಲ್ಲಿ ನಿಘಂಟು ಮುಗಿಸಿದರು.

ಒಂದೇ ಸಂಸ್ಥೆ, ಒಂದೇ ಪ್ರಾರ್ಥನೆ, ಎರಡು ಫಲ. ಒಬ್ಬರ ಪ್ರಾರ್ಥನೆ ಎದುರಿನವನನ್ನು ಗೆಲ್ಲಲು ಹೊರಟಿತು. ಇನ್ನೊಬ್ಬರದು ಎದುರಿನವನ ಮಾತನ್ನು ಕಲಿಯಲು ಕೂತಿತು. ಕೃಪೆ, ಪಾಪ, ರಕ್ಷಣೆ ಎಂಬ ಮಾತುಗಳನ್ನು ಕನ್ನಡದಲ್ಲಿ ಹೇಳಬೇಕಾದರೆ ಶರಣರೂ ದಾಸರೂ ಅವನ್ನು ಹೇಗೆ ಬಳಸಿದರೆಂದು ತಿಳಿಯಲೇಬೇಕು. ಮೋಗ್ಲಿಂಗ್ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದು ಈ ಹಿನ್ನೆಲೆಯಲ್ಲೇ. ಪ್ರಾರ್ಥನೆಯನ್ನು ಬಿಟ್ಟು ನಿಘಂಟನ್ನಷ್ಟೇ ಎತ್ತಿಕೊಳ್ಳುವ ನಮ್ಮ ವಿದ್ವಾಂಸರು ಮರವನ್ನು ಬಿಟ್ಟು ಹಣ್ಣನ್ನು ಹೊಗಳುತ್ತಿದ್ದಾರೆ.

ಸೇವೆಯೆಲ್ಲ ಆಮಿಷವೆನ್ನುವವರಿಗೂ ಒಂದು ಮಾತು. 1940ರಲ್ಲಿ ಕೇರಳದ ಮಾರ್ ತೋಮಾ ಸಭೆಯ ಯುವಕರು ಅಂಕೋಲೆಯಲ್ಲಿ ಕ್ರಿಸ್ತಮಿತ್ರ ಆಶ್ರಮ ಕಟ್ಟಿದರು. ಹೊನ್ನಾವರದಲ್ಲಿ ಸೇಂಟ್ ಇಗ್ನೇಷಿಯಸ್ ಆಸ್ಪತ್ರೆಯಿದೆ, ಭಟ್ಕಳದಲ್ಲಿ ಆನಂದಾಶ್ರಮ ಕಾನ್ವೆಂಟ್ ಇದೆ.  ಇಂಥ ಶಾಲೆಗಳಲ್ಲಿ ನಮ್ಮ ಮಕ್ಕಳು, ವಿಶೇಷವಾಗಿ ಹೆಣ್ಣುಮಕ್ಕಳು, ತಲೆಮಾರುಗಳಿಂದ ಓದಿದ್ದಾರೆ. ಬೆಳಗಿನ ಪ್ರಾರ್ಥನೆಯಲ್ಲಿ ಸಾಲಾಗಿ ನಿಂತಿದ್ದಾರೆ, ಮನೆಗೆ ಬಂದು ಅಸರ್ ನಮಾಝ್ ಮಾಡಿದ್ದಾರೆ. ಆ ಪ್ರಾರ್ಥನೆ ಅವರ ಈಮಾನನ್ನು ಕದಿಯಲಿಲ್ಲ.

ಭೂಪಟದ ಮೇಲಿನ ಗುರಿ

ಹಾಗೆಂದು ಮಿಶನ್ನುಗಳ ಪ್ರಾರ್ಥನೆಯೆಲ್ಲ ನಿರುಪದ್ರವಿ ಎಂದು ನಾವು ಹೇಳುತ್ತಿಲ್ಲ. 1990ರಲ್ಲಿ ಲೂಯಿಸ್ ಬುಶ್ ಎಂಬ ಪ್ರಚಾರಕರು '10/40 ಕಿಟಕಿ' ಎಂಬ ಮಾತನ್ನು ಚಲಾವಣೆಗೆ ತಂದರು. ಭೂಮಧ್ಯರೇಖೆಯಿಂದ ಉತ್ತರಕ್ಕೆ 10ರಿಂದ 40 ಡಿಗ್ರಿಯೊಳಗಿನ ಆಫ್ರಿಕಾ, ಏಷ್ಯಾಗಳ ಜನರೇ ಸುವಾರ್ತೆಯ ಮುಖ್ಯ ಗುರಿ ಎಂದು ಅದರ ಅರ್ಥ. 1993ರ ಅಕ್ಟೋಬರಿನಲ್ಲಿ ಈ ಕಿಟಕಿಗಾಗಿ ಜಗತ್ತಿನಾದ್ಯಂತ ಪ್ರಾರ್ಥನಾ ಅಭಿಯಾನ ನಡೆಯಿತು. ರಮಝಾನಿನ ಮೂವತ್ತು ದಿನವೂ ಮುಸ್ಲಿಮರಿಗಾಗಿ ಪ್ರಾರ್ಥಿಸುವ ಯೋಜನೆಯೂ ಆ ದಶಕದಲ್ಲೇ ಹುಟ್ಟಿತು. ಸುಮಾರು 14 ಡಿಗ್ರಿಯಲ್ಲಿರುವ ಭಟ್ಕಳ, ಹೊನ್ನಾವರ, ಕುಮಟಾಗಳು ಈ ಕಿಟಕಿಯೊಳಗೆ ಬರುತ್ತವೆ.

ಯಾರೋ ನಮಗಾಗಿ ಪ್ರಾರ್ಥಿಸಿದರೆ ನಮಗೇನು ನಷ್ಟ? ಏನೂ ಇಲ್ಲ. ಪರರಿಗೆ ಹಿದಾಯತ್ ಸಿಗಲೆಂದು ನಾವೂ ದುಆ ಮಾಡುತ್ತೇವೆ. ನಮ್ಮ ಆಕ್ಷೇಪ ಭಾಷೆಯ ಬಗ್ಗೆ. ಗುರಿ, ದಾಳಿ, ಕೋಟೆ, ವಶ ಎಂಬ ಮಾತುಗಳಲ್ಲಿ ಪ್ರಾರ್ಥಿಸತೊಡಗಿದಾಗ ಗಂಟೆಯೊಳಗೆ ಮತ್ತೆ ಫಿರಂಗಿಯ ಸದ್ದು ಕೇಳುತ್ತದೆ. ಜನ ಜನರಾಗಿ ಉಳಿಯದೆ ಪಟ್ಟಿಯ ಸಂಖ್ಯೆಗಳಾಗುತ್ತಾರೆ. ಪಕ್ಕದ ಮನೆಯ ದೇವರನ್ನು ಸೈತಾನನೆಂದು ಕರೆಯುವ ಬೋಧಕ, ಔಷಧಿ ನಿಲ್ಲಿಸಿ ಪ್ರಾರ್ಥನೆಯನ್ನು ನಂಬು ಎನ್ನುವ ವಾಸಿಕಾರ - ಇವರನ್ನು ಟೀಕಿಸಲೇಬೇಕು. ಬೀದಿಯ ತಿರುವಿನಲ್ಲಿ ಜನ ನೋಡಲೆಂದು ಪ್ರಾರ್ಥಿಸಬೇಡಿ, ಕೋಣೆಯ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಿ ಎಂಬುದು ಯೇಸುವಿನ ಬೋಧನೆ. ತೋರಿಕೆಗೆ ನಮಾಝ್ ಮಾಡುತ್ತ ನೆರೆಯವರಿಗೆ ಸಣ್ಣ ಉಪಕಾರವನ್ನೂ ನಿರಾಕರಿಸುವವರನ್ನು ಕುರ್‌ಆನಿನ 'ಮಾಊನ್' ಅಧ್ಯಾಯ ಕಟುವಾಗಿ ಎಚ್ಚರಿಸುತ್ತದೆ. ಎರಡು ಗ್ರಂಥಗಳೂ ಪ್ರಾರ್ಥಿಸದವನಿಗಿಂತ ಪ್ರಾರ್ಥನೆಯನ್ನು ಪ್ರದರ್ಶಿಸುವವನನ್ನು ಹೆಚ್ಚು ಅನುಮಾನಿಸುತ್ತವೆ.

ಆದರೆ ಸಣ್ಣ ಪ್ರಾರ್ಥನಾ ಮಂದಿರಗಳಿಗೆ ಬಡವರು ಏಕೆ ಹೋಗುತ್ತಾರೆ ಎಂಬ ಪ್ರಶ್ನೆಯನ್ನೂ ಕೇಳಬೇಕಲ್ಲ? ಕುಮಟಾದವರಿಗೆ ಜೀವಕ್ಕೆ ಅಪಾಯ ಬಂದರೆ ಮಣಿಪಾಲಕ್ಕೆ ಸುಮಾರು 150 ಕಿ.ಮೀ. ಓಡಬೇಕು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಬಳಿ ಮಗುಚಿ ನಾಲ್ವರು ಸತ್ತರು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಜನರ ಕೂಗು ಅಂದು ಮತ್ತೆ ಎದ್ದಿತು. ಆಸ್ಪತ್ರೆ ದೂರವಿದ್ದ ಕಡೆ ದರ್ಗಾ, ಗುಡಿ, ಪ್ರಾರ್ಥನಾ ಮಂದಿರ ಹತ್ತಿರವಾಗುತ್ತವೆ. ಪ್ರಾರ್ಥನಾ ಮಂದಿರಕ್ಕೆ ಲೆಕ್ಕ ಕೇಳುವವರು ಆಸ್ಪತ್ರೆಗೆ ಲೆಕ್ಕ ಕೇಳುವುದು ಕಡಿಮೆ.

ಯಾರು ಅಳೆಯಬೇಕು?

2008ರ ಸೆಪ್ಟೆಂಬರ್ 14, ಭಾನುವಾರ, ಕರಾವಳಿಯಲ್ಲೂ ಮಲೆನಾಡಿನಲ್ಲೂ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಗಳಾದವು. ಮತಾಂತರದ ವಿರುದ್ಧದ ಸಿಟ್ಟು ಇದು ಎಂದು ಸಮರ್ಥನೆ ಬಂತು. ಮಂಗಳೂರಿನಲ್ಲಿ ಮಿಲಾಗ್ರಿಸ್ ಬಳಿಯ ಆರಾಧನಾ ಮಠಕ್ಕೂ ನುಗ್ಗಲಾಯಿತು. ಅಲ್ಲಿರುವವರು ಕ್ಲಾರಾ ಪಂಥದ ಸಂನ್ಯಾಸಿನಿಯರು. ಅವರು ಮಠದಿಂದ ಹೊರಗೆ ಹೋಗಿ ಬೋಧಿಸುವವರಲ್ಲ. ಹಗಲು ರಾತ್ರಿ ಸರದಿಯಲ್ಲಿ ಮೌನವಾಗಿ ಪ್ರಾರ್ಥಿಸುವುದೇ ಅವರ ವ್ರತ. ಕ್ಯಾಥೊಲಿಕ್ ಸಭೆ 1927ರಲ್ಲಿ ಝೇವಿಯರರ ಜೊತೆಗೆ ಮಿಶನ್ನುಗಳ ಇನ್ನೊಬ್ಬ ಪಾಲಕಿಯೆಂದು ಹೆಸರಿಸಿದ್ದೂ ಇಂಥ ಮಠದಾಚೆ ಕಾಲಿಡದ, 24ನೇ ವಯಸ್ಸಿಗೇ ತೀರಿಕೊಂಡ ಫ್ರಾನ್ಸಿನ ತೆರೇಸಳನ್ನು. ಮಿಶನ್ನಿನ ಅರ್ಧ ಭಾಗ ಈ ಮೌನವೇ ಎಂದು ಅವರು ನಂಬುತ್ತಾರೆ. ದಾಳಿ ಮಾಡಿದವರಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೂ ಬಿಡುತ್ತಿರಲಿಲ್ಲವೇನೋ.

2022ರಲ್ಲಿ ಬಂದ ಕರ್ನಾಟಕದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಆಮಿಷದ ವ್ಯಾಖ್ಯೆಯಲ್ಲಿ ಧಾರ್ಮಿಕ ಸಂಸ್ಥೆಗಳ ಶಾಲೆಯ ಉಚಿತ ಶಿಕ್ಷಣವನ್ನೂ ಉತ್ತಮ ಜೀವನದ ಭರವಸೆಯನ್ನೂ ದೈವದ ಅವಕೃಪೆಯ ಮಾತನ್ನೂ ಸೇರಿಸಿತು. ಇದನ್ನು ಹಿಂತೆಗೆಯಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಕಾಯ್ದೆಯ ಗತಿ ಏನೇ ಇರಲಿ, ಅದರ ಹಿಂದಿನ ಯೋಚನೆಯನ್ನು ಗಮನಿಸಬೇಕು. ದೇವರು ಮುನಿದಾನು ಎಂಬ ಎಚ್ಚರಿಕೆಯಿಲ್ಲದ ಧರ್ಮ ಯಾವುದು? ಯಾವ ಪುರಾಣದಲ್ಲಿ, ಯಾವ ಖುತ್ಬಾದಲ್ಲಿ, ಯಾವ ಹರಿಕಥೆಯಲ್ಲಿ ಅದಿಲ್ಲ? ಪ್ರಾರ್ಥನೆಯೊಳಗಿನ ಭಯವನ್ನೂ ಆಸೆಯನ್ನೂ ಪೊಲೀಸ್ ಠಾಣೆಯಲ್ಲಿ ತೂಗಲು ಹೊರಟರೆ ಗೋವಾದ ಆ ನ್ಯಾಯಪೀಠ ಹೆಸರು ಬದಲಿಸಿ ಬಂದಂತೆ. ಅಂದು ಹೊಸ ಕ್ರೈಸ್ತರ ಮನೆಗೆ ಇಣುಕಿದ ಕಣ್ಣೇ ಇಂದೂ ಇಣುಕುತ್ತದೆ.

2008ರಲ್ಲಿ ನಮ್ಮ ಸಮುದಾಯ ಏನು ಮಾಡಿತು? ಕೆಲವರು ಬೀದಿಗಿಳಿದರು, ಕೆಲವರು ಬರೆದರು. ಬಹಳ ಜನ ಇದು ಅವರ ಪಾಡು ಎಂದು ಸುಮ್ಮನಿದ್ದರು. ನಜ್ರಾನಿನ ಕ್ರೈಸ್ತರ ನಿಯೋಗ ಮದೀನಕ್ಕೆ ಬಂದಾಗ ಅವರ ಪ್ರಾರ್ಥನೆಯ ವೇಳೆಯಾಯಿತೆಂದು ಪ್ರವಾದಿ(ಸ) ತಮ್ಮ ಮಸೀದಿಯಲ್ಲೇ ಅದಕ್ಕೆ ಅವಕಾಶ ಕೊಟ್ಟರೆಂಬ ವರದಿಯನ್ನು ನಾವು ಸೌಹಾರ್ದ ಸಭೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತೇವೆ. ಅವರ ಮಂದಿರದ ಗಾಜು ಒಡೆದಾಗ ಆ ವರದಿ ನಮಗೆ ನೆನಪಾಗಬೇಕಿತ್ತು.

ಕೊನೆಗೆ ಹೊನ್ನಾವರಕ್ಕೇ ಮರಳೋಣ. 14ನೇ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತಾ ಈ ಊರಿನ ಹೆಂಗಸರಿಗೆ ಕುರ್‌ಆನ್ ಬಾಯಿಪಾಠವಿತ್ತೆಂದೂ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದೂ ಬರೆದಿದ್ದಾನೆ. ಈ ಮಾತನ್ನು ನಾವು ಹೆಮ್ಮೆಯಿಂದ ಉದ್ಧರಿಸುತ್ತೇವೆ. ಅವನೇ ಬರೆದ ಇನ್ನೊಂದು ಸಂಗತಿಯನ್ನು ಉದ್ಧರಿಸುವುದಿಲ್ಲ. ಹೊನ್ನಾವರದ ಸುಲ್ತಾನ ಜಮಾಲುದ್ದೀನ್ ಗೋವಾದ ಸಂದಾಪುರದ ಮೇಲೆ ಹಡಗುಗಳನ್ನು ಕಳಿಸಲು ಸಜ್ಜಾಗಿದ್ದ. ಜೊತೆಗೆ ಹೋಗಲೋ ಬೇಡವೋ ಎಂದು ಇಬ್ನ್ ಬತೂತಾ ಕುರ್‌ಆನ್ ತೆರೆದು ಶಕುನ ನೋಡಿದ. ಪುಟದ ಮೊದಲಿಗೆ ಕಂಡದ್ದು, ಅಲ್ಲಾಹನ ನಾಮ ಹೇರಳವಾಗಿ ಸ್ಮರಿಸಲ್ಪಡುವ ಸ್ಥಳಗಳ ಮಾತು, ಮತ್ತು ಅವನಿಗೆ ನೆರವಾದವರಿಗೆ ಅವನು ನೆರವಾಗುವನೆಂಬ ಭರವಸೆ. ಅದು ಯುದ್ಧಕ್ಕೆ ಅಪ್ಪಣೆಯೆಂದು ತಿಳಿದು ಹಡಗು ಹತ್ತಿದ.

ಆದರೆ ಆ ವಾಕ್ಯ ಅಲ್ಲಿ ಆರಂಭವಾಗುವುದಿಲ್ಲ. 'ಹಜ್ಜ್' ಅಧ್ಯಾಯದ 40ನೇ ಸೂಕ್ತವದು. ಅಲ್ಲಾಹನ ನಾಮ ಸ್ಮರಿಸಲ್ಪಡುವ ಆ ಸ್ಥಳಗಳು ಯಾವುವೆಂದು ಅದರ ಹಿಂದಿನ ತುಂಡು ಹೆಸರಿಸುತ್ತದೆ: ಸಂನ್ಯಾಸಿಗಳ ಮಠಗಳು, ಇಗರ್ಜಿಗಳು, ಯಹೂದಿಗಳ ಮಂದಿರಗಳು, ಮಸೀದಿಗಳು. ಅವು ನೆಲಸಮವಾಗದಂತೆ ತಡೆಯಬೇಕೆಂಬುದೇ ಅಲ್ಲಿನ ಕಾಳಜಿ. ಇಬ್ನ್ ಬತೂತಾನ ಪ್ರತಿಯಲ್ಲಿ ಆ ಹೆಸರುಗಳು ಹಿಂದಿನ ಪುಟದಲ್ಲಿದ್ದವು. ಅವನು ಅವಸರದಲ್ಲಿದ್ದ, ಪುಟ ಹಿಂದಕ್ಕೆ ತಿರುವಲಿಲ್ಲ.